ಕರೆಂಟ್ ಬಿಲ್ಲಿನಲ್ಲಿ ನಿಮ್ಮ ಹೆಸರಿದೆಯಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಒಂದೇ ವಿಷಯದವು. ಮದುವೆಯ ಮೂಲಕ ಅಮೆರಿಕದ ಗ್ರೀನ್ ಕಾರ್ಡ್ ಬಂದಿದೆ, ಮುಂದೇನು? ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ. ಹೊಸ ಓದುಗರಿಗೆ ಒಂದು ಮಾತು: ನಾನು ವಕೀಲೆ ಅಲ್ಲ. ತಿಪಟೂರಿನವಳು. ನ್ಯೂಜೆರ್ಸಿಯಲ್ಲಿ ವಲಸೆ ಕೇಸು ನೋಡುವ ವಕೀಲರೊಬ್ಬರ ಆಫೀಸಿನಲ್ಲಿ ಬಹಳ ವರ್ಷದಿಂದ ಫೈಲ್ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ಯಾವ ಕಾಗದ ಎಲ್ಲಿ ಕೈಕೊಡುತ್ತದೆ ಅನ್ನುವುದು ಚೆನ್ನಾಗಿ ಗೊತ್ತು. ಪೊಲೀಸ್ ಕೇಸು, ಹಳೇ ವೀಸಾ ತಕರಾರು, ಗಡೀಪಾರು ನೋಟಿಸು ಇಂಥದ್ದೇನಾದರೂ ಇದ್ದರೆ ನನ್ನನ್ನು ಬಿಟ್ಟು ವಕೀಲರ ಹತ್ತಿರವೇ ಹೋಗಿ.

ಪ್ರಶ್ನೆ: ಅಕ್ಕ, ನನ್ನ ಊರು ದಾವಣಗೆರೆ. 2023ರ ಮೇ ತಿಂಗಳಲ್ಲಿ ಮದುವೆಯಾಯಿತು. ನಮ್ಮ ಯಜಮಾನರು ಅಮೆರಿಕದ ಸಿಟಿಜನ್. ಮುಂಬೈನಲ್ಲಿ ಇಂಟರ್‌ವ್ಯೂ ಮುಗಿಸಿ 2025ರ ಮಾರ್ಚ್ 14ಕ್ಕೆ ಇಲ್ಲಿ ಇಳಿದೆ. ಕಾರ್ಡ್ ಪೋಸ್ಟಿನಲ್ಲಿ ಬಂತು, ಆದರೆ ಎರಡೇ ವರ್ಷದ್ದು. ನಮ್ಮ ಓರಗಿತ್ತಿಗೆ ಹತ್ತು ವರ್ಷದ್ದು ಬಂದಿತ್ತು. ನಮ್ಮ ಅರ್ಜಿಯಲ್ಲಿ ಏನಾದರೂ ತಪ್ಪಾಗಿದೆಯಾ? ನಾನೀಗ ಏನೇನು ಮಾಡಬೇಕು? ಅತ್ತೆ ಮಾವನ ಜೊತೆ ಒಂದೇ ಮನೆಯಲ್ಲಿದ್ದೇವೆ.
— ಓದುಗರು, ಎಡಿಸನ್, ನ್ಯೂಜೆರ್ಸಿ

ಉತ್ತರ: ತಪ್ಪೇನೂ ಆಗಿಲ್ಲಮ್ಮ. ಅಮೆರಿಕಕ್ಕೆ ಇಳಿದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಎರಡು ವರ್ಷದ ಷರತ್ತಿನ ಕಾರ್ಡ್ ಕೊಡುತ್ತಾರೆ, ಮದುವೆ ನಿಜವಾದದ್ದು ಅಂತ ಆಮೇಲೆ ತೋರಿಸಬೇಕು ಅನ್ನುವುದೇ ಷರತ್ತು. ತುಂಬಿದ್ದರೆ ಹತ್ತು ವರ್ಷದ್ದು. ನೀವು ಎರಡು ತಿಂಗಳು ತಡವಾಗಿ ಬಂದಿದ್ದರೆ ನಿಮಗೂ ಹತ್ತು ವರ್ಷದ್ದೇ ಸಿಗುತ್ತಿತ್ತು. ಆದರೆ ಅದಕ್ಕೆ ಕೊರಗಬೇಡಿ. ಈ ಎರಡು ವರ್ಷದಲ್ಲಿ ಕೆಲಸ ಮಾಡುವ, ಓದುವ, ಊರಿಗೆ ಹೋಗಿ ಬರುವ ಹಕ್ಕು ನಿಮ್ಮ ಓರಗಿತ್ತಿಗೆ ಎಷ್ಟಿದೆಯೋ ನಿಮಗೂ ಅಷ್ಟೇ ಇದೆ. ಸಿಟಿಜನ್‌ಶಿಪ್ಪಿನ ಲೆಕ್ಕವೂ ಇಳಿದ ದಿನದಿಂದಲೇ ಶುರು.

ಮೊದಲು ಕಾರ್ಡನ್ನೇ ಸರಿಯಾಗಿ ನೋಡಿ. ಹೆಸರಿನ ಕಾಗುಣಿತ, ಹುಟ್ಟಿದ ತಾರೀಖು, 'ರೆಸಿಡೆಂಟ್ ಸಿನ್ಸ್' ಅನ್ನುವಲ್ಲಿರುವ ದಿನಾಂಕ. ತಪ್ಪು ವಲಸೆ ಇಲಾಖೆಯದಾಗಿದ್ದರೆ (ಅದೇ ಯುಎಸ್‌ಸಿಐಎಸ್) ಐ-90 ಫಾರಂ ತುಂಬಿ ಫೀ ಇಲ್ಲದೆ ಸರಿಮಾಡಿಸಬಹುದು. ನಮ್ಮ ಕಡೆಯವರಿಗೆ ಇಲ್ಲೊಂದು ಮಾಮೂಲಿ ತೊಂದರೆ ಇದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು, ಇನಿಷಿಯಲ್ಲು ಹೆಸರು ಎಲ್ಲಾ ಒಂದೇ ಸಾಲಿನಲ್ಲಿ ಬರೆಸಿರುತ್ತೇವೆ. ವೀಸಾಗೆ ಬರುವಾಗ ಆ ಸಾಲು ಪೂರ್ತಿ ಸರ್‌ನೇಮ್ ಆಗಿಬಿಡುತ್ತದೆ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಅಂತ ಕೂರುತ್ತದೆ. ಬ್ಯಾಂಕಿನವರು ನಿಮ್ಮನ್ನು 'ಮಿಸ್ ಫ್ನೂ' ಅಂತ ಕರೆದರೆ ಗಾಬರಿಯಾಗಬೇಡಿ. ಆದರೆ ಸೋಶಿಯಲ್ ಸೆಕ್ಯುರಿಟಿ (ಕೆಲಸಕ್ಕೆ, ತೆರಿಗೆಗೆ ಬೇಕಾದ ಸರ್ಕಾರಿ ನಂಬರು), ಡ್ರೈವಿಂಗ್ ಲೈಸೆನ್ಸ್, ಬ್ಯಾಂಕು ಎಲ್ಲದರಲ್ಲೂ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಇರಲಿ. ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಅಂತ ಆದರೆ ಆಮೇಲೆ ಬಿಡಿಸುವುದು ಕಷ್ಟ. ಮುಂದೆ ಸಿಟಿಜನ್‌ಶಿಪ್ ಅರ್ಜಿಯಲ್ಲೇ ಹೆಸರು ಬದಲಿಸಿಕೊಳ್ಳಲು ಅವಕಾಶವಿದೆ.

ಸೋಶಿಯಲ್ ಸೆಕ್ಯುರಿಟಿ ಕಾರ್ಡು ವೀಸಾ ಅರ್ಜಿಯಲ್ಲಿ ಕೇಳಿದ್ದರೆ ತಾನಾಗಿಯೇ ಮನೆಗೆ ಬರುತ್ತದೆ. ಮೂರ್ನಾಲ್ಕು ವಾರವಾದರೂ ಬರದಿದ್ದರೆ ಹತ್ತಿರದ ಆಫೀಸಿಗೆ ಹೋಗಿ ಕೇಳಿ. ಗ್ರೀನ್ ಕಾರ್ಡ್ ಯಾವಾಗಲೂ ಜೊತೆಯಲ್ಲಿರಬೇಕು, 18 ದಾಟಿದವರಿಗೆ ಅದು ಕಾನೂನು. ಎರಡೂ ಕಡೆ ಫೋಟೋ ತೆಗೆದು ನಿಮ್ಮ ಇಮೇಲಿಗೆ ಹಾಕಿಟ್ಟುಕೊಳ್ಳಿ. ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 ಫಾರಂ ಮೂಲಕ ವಲಸೆ ಇಲಾಖೆಗೆ ತಿಳಿಸಿ. ಆನ್‌ಲೈನಲ್ಲಿ ಐದು ನಿಮಿಷದ ಕೆಲಸ, ದುಡ್ಡಿಲ್ಲ. ಪೋಸ್ಟ್ ಆಫೀಸಿನಲ್ಲಿ ವಿಳಾಸ ಬದಲಿಸಿದರೆ ಸಾಕು ಅಂದುಕೊಳ್ಳುವವರು ತುಂಬಾ ಜನ. ಸಾಲದು.

ಇನ್ನು ದೊಡ್ಡ ಕೆಲಸ. ಷರತ್ತು ತೆಗೆಸಲು ಐ-751 ಅರ್ಜಿ ಹಾಕಬೇಕು, ನೀವೂ ನಿಮ್ಮ ಯಜಮಾನರೂ ಇಬ್ಬರೂ ಸಹಿ ಮಾಡಿ. ಕಾರ್ಡ್ ಮುಗಿಯುವ ಹಿಂದಿನ 90 ದಿನದೊಳಗೆ. ನಿಮ್ಮ ಕಾರ್ಡು 2027ರ ಮಾರ್ಚ್ 14ಕ್ಕೆ ಮುಗಿಯುತ್ತದೆ, ಅಂದರೆ 2026ರ ಡಿಸೆಂಬರ್ 14ರಿಂದ ಬಾಗಿಲು ತೆರೆಯುತ್ತದೆ. ಅದಕ್ಕೆ ಮುಂಚೆ ಕಳಿಸಿದರೆ ವಾಪಸ್ ಬರುತ್ತದೆ. ಮಾರ್ಚ್ 14 ದಾಟಿದರೆ ನಿಮ್ಮ ಸ್ಟೇಟಸ್ಸಿಗೇ ಕುತ್ತು. ನೆನಪಿಸುವ ಪತ್ರ ಬರುತ್ತದೆ ಅಂತ ಕಾಯಬೇಡಿ. 2024ರ ಏಪ್ರಿಲ್‌ನಿಂದ ಫೀ 750 ಡಾಲರ್, ಕಳಿಸುವ ದಿನ ಯುಎಸ್‌ಸಿಐಎಸ್ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಅರ್ಜಿ ತಲುಪಿದ ಮೇಲೆ ಬರುವ ರಸೀದಿ ನಿಮ್ಮ ಕಾರ್ಡಿನ ಅವಧಿಯನ್ನು 48 ತಿಂಗಳು ಮುಂದಕ್ಕೆ ಹಾಕುತ್ತದೆ. ಆ ಒಂದು ಹಾಳೆಯನ್ನು ಕಾರ್ಡಿನಷ್ಟೇ ಜೋಪಾನವಾಗಿಡಿ. ಊರಿಗೆ ಹೋಗುವಾಗ ಮೂಲ ಪ್ರತಿಯನ್ನೇ ಒಯ್ಯಿರಿ. ಏರ್‌ಲೈನ್ ಕೌಂಟರಿನ ಹುಡುಗನಿಗೆ ಅವಧಿ ಮುಗಿದ ಕಾರ್ಡ್ ಮಾತ್ರ ಕಾಣುತ್ತದೆ. ಆ ಹಾಳೆಯಲ್ಲಿ ಏನಿದೆ ಅಂತ ನೀವೇ ಬೆರಳಿಟ್ಟು ತೋರಿಸಬೇಕು.

ಆ ಅರ್ಜಿಯ ಜೊತೆ ಏನು ಹಾಕಬೇಕು? ನೀವಿಬ್ಬರೂ ನಿಜವಾಗಿ ಒಟ್ಟಿಗೆ ಬಾಳುತ್ತಿದ್ದೀರಿ ಅನ್ನುವುದಕ್ಕೆ ಪುರಾವೆ. ನಿಮ್ಮ ಪತ್ರದ ಕೊನೆಯ ಸಾಲು ಓದಿದಾಗಲೇ ನನಗೆ ಅರ್ಥವಾಯಿತು. ಅತ್ತೆ ಮಾವನ ಮನೆ. ಮನೆ ಪತ್ರ ಮಾವನ ಹೆಸರಲ್ಲಿ, ಕರೆಂಟ್ ಬಿಲ್ ಮಾವನ ಹೆಸರಲ್ಲಿ, ಇಂಟರ್‌ನೆಟ್ ಯಜಮಾನರ ಹೆಸರಲ್ಲಿ, ಕಾರು ಯಜಮಾನರದ್ದು, ಬ್ಯಾಂಕು ಅವರದ್ದೇ. ಸೊಸೆ ಮೂರು ಹೊತ್ತು ಆ ಮನೆಯಲ್ಲೇ ಇರುತ್ತಾಳೆ, ಒಂದು ಕಾಗದದಲ್ಲೂ ಇರುವುದಿಲ್ಲ. ನಮ್ಮವರ ಫೈಲುಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಯಾರದೂ ಕೆಟ್ಟ ಉದ್ದೇಶವಲ್ಲ, 'ಅವಳ ಹೆಸರು ಯಾಕೆ ಬೇಕು, ನಾವೆಲ್ಲಾ ಒಂದೇ ಅಲ್ವಾ' ಅನ್ನುವ ಧೋರಣೆ. ಕಾಗದ ನೋಡುವ ಅಧಿಕಾರಿಗೆ ನೀವೆಲ್ಲಾ ಒಂದೇ ಅಂತ ಹೇಗೆ ಗೊತ್ತಾಗಬೇಕು?

ಆದ್ದರಿಂದ ಇವತ್ತಿನಿಂದಲೇ ಶುರುಮಾಡಿ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಿರಿ. ಸುಮ್ನೆ ತೆರೆದು ನೂರು ಡಾಲರ್ ಹಾಕಿಟ್ಟರೆ ಅದು ಖಾತೆ ಅನ್ನಿಸುವುದಿಲ್ಲ. ಅವರ ಸಂಬಳ ಅಲ್ಲಿಗೆ ಬರಲಿ, ದಿನಸಿ ಖರ್ಚು ಅಲ್ಲಿಂದ ಹೋಗಲಿ. ಕಾರ್ ಇನ್ಶೂರೆನ್ಸಿನಲ್ಲಿ ನಿಮ್ಮ ಹೆಸರು ಸೇರಿಸಿ. ಮೊಬೈಲ್ ಫ್ಯಾಮಿಲಿ ಪ್ಲಾನ್, ಕಾಸ್ಟ್ಕೋ ಕಾರ್ಡ್, ಆರೋಗ್ಯ ವಿಮೆ. ಯಜಮಾನರ 401ಕೆ (ಕೆಲಸದ ಕಡೆಯ ನಿವೃತ್ತಿ ಉಳಿತಾಯ) ಮತ್ತು ಜೀವವಿಮೆಯಲ್ಲಿ ನಾಮಿನಿ ಇನ್ನೂ ಅವರ ತಾಯಿಯೇ ಇರಬಹುದು, ಕೇಳಿ ನೋಡಿ. ಮದುವೆಗೆ ಮುಂಚೆ ತುಂಬಿದ ಫಾರಂ ಹಾಗೇ ಬಿಟ್ಟಿರುತ್ತಾರೆ. ಮಾವನವರಿಂದ ಒಂದು ಪತ್ರ ಬರೆಸಿ: ಮನೆ ನಮ್ಮದು, ಮಗ ಸೊಸೆ ಇಂಥ ದಿನದಿಂದ ನಮ್ಮ ಜೊತೆ ಇದ್ದಾರೆ ಅಂತ, ಸಹಿಯ ಜೊತೆ. ಅವರ ಮನೆ ಪತ್ರದ ಪ್ರತಿಯನ್ನು ಅದಕ್ಕೆ ಲಗತ್ತಿಸಿ. ತೆರಿಗೆ ರಿಟರ್ನ್ ಇಬ್ಬರೂ ಜಂಟಿಯಾಗಿ ಹಾಕಿ. 2025ರಲ್ಲಿ ನೀವು ಮಾರ್ಚಿನಲ್ಲಿ ಬಂದರೂ ವರ್ಷ ಪೂರ್ತಿ ಜಂಟಿ ಅಂತ ಆರಿಸಿಕೊಳ್ಳುವ ದಾರಿ ಇದೆ. ಆಗ ದಾವಣಗೆರೆಯಲ್ಲಿ ಎಫ್‌ಡಿ ಇದ್ದರೆ ಅದರ ಬಡ್ಡಿಯನ್ನೂ ತೋರಿಸಬೇಕಾಗುತ್ತದೆ.

ಫೋಟೋ ವಿಷಯ. ಧಾರೆಯದ್ದೇ ಐವತ್ತು ಕಳಿಸಬೇಡಿ. ಫೋಟೋಗ್ರಾಫರ್ ಚೆನ್ನಾಗಿ ತೆಗೆದಿರುತ್ತಾರೆ ನಿಜ, ಆದರೆ ಅಧಿಕಾರಿಗೆ ಬೇಕಾಗಿರುವುದು ಮದುವೆಯಾದ ಮೇಲಿನ ಎರಡು ವರ್ಷ. ಹತ್ತು ಹದಿನೈದು ಸಾಕು. ಯುಗಾದಿಗೆ ಮನೆಯಲ್ಲಿ, ಯಾರದೋ ಗೃಹಪ್ರವೇಶದಲ್ಲಿ, ಹಿಮ ಬಿದ್ದಾಗ ಕಾರಿನ ಮುಂದೆ. ಪ್ರತಿಯೊಂದರ ಕೆಳಗೆ ತಾರೀಖು, ಜಾಗ, ಪಕ್ಕದಲ್ಲಿರುವವರು ಯಾರು ಅಂತ ಒಂದು ಸಾಲು. ಕನ್ನಡದ ಲಗ್ನಪತ್ರಿಕೆ ಹಾಕುವುದಾದರೆ ಇಂಗ್ಲಿಷ್ ಅನುವಾದ ಬೇಕು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಎರಡೂ ಭಾಷೆ ಚೆನ್ನಾಗಿ ಬಲ್ಲ ಯಾರಾದರೂ ಮಾಡಿ 'ಅನುವಾದ ಪೂರ್ತಿ ಇದೆ, ಸರಿ ಇದೆ, ನನಗೆ ಎರಡೂ ಭಾಷೆ ಬರುತ್ತದೆ' ಅಂತ ಬರೆದು ಸಹಿ ಹಾಕಿದರೆ ಆಯಿತು.

ಕೊನೆಗೆ ಸಿಟಿಜನ್‌ಶಿಪ್. ಸಿಟಿಜನ್ ಗಂಡನ ಜೊತೆ ಬಾಳುತ್ತಿರುವವರಿಗೆ ಐದು ವರ್ಷದ ಬದಲು ಮೂರೇ ವರ್ಷ. ಅದಕ್ಕೂ 90 ದಿನ ಮುಂಚೆ ಅರ್ಜಿ ಹಾಕಬಹುದು ಅಂತ ಎಲ್ಲರೂ ಹೇಳುತ್ತಾರೆ. ನೀವು ಮಾತ್ರ ಆ ಆತುರ ಮಾಡಬೇಡಿ. ಗಂಡ ಹೆಂಡತಿ ಒಟ್ಟಿಗೆ ಬಾಳಿ ಮೂರು ವರ್ಷ ಆಗಿರಬೇಕು ಅನ್ನುವುದು ಬೇರೆಯದೇ ಷರತ್ತು, ಅದಕ್ಕೆ 90 ದಿನದ ರಿಯಾಯಿತಿ ಇಲ್ಲ. ಮದುವೆಯಾದ ಮೇಲೆ ನೀವು ದಾವಣಗೆರೆಯಲ್ಲಿ, ಅವರು ಎಡಿಸನ್ನಿನಲ್ಲಿ ಇದ್ದಿರಲ್ಲ, ಆ ದಿನಗಳನ್ನು ಲೆಕ್ಕಕ್ಕೆ ತರಲು ಹೋಗಬೇಡಿ. 2028ರ ಮಾರ್ಚ್ 14 ದಾಟಲಿ, ಆಮೇಲೆ ಸಿಟಿಜನ್‌ಶಿಪ್ಪಿನ ಎನ್-400 ಅರ್ಜಿ ಹಾಕಿ. ಅಷ್ಟರಲ್ಲಿ ಐ-751 ಇನ್ನೂ ಬಾಕಿ ಇದ್ದರೂ ಹಾಕಬಹುದು, ಎರಡನ್ನೂ ಒಟ್ಟಿಗೆ ನೋಡುತ್ತಾರೆ.

ಪ್ರಶ್ನೆ: ನಾನು ಮೈಸೂರಿನವಳು. ಮಗಳನ್ನು ಹ್ಯೂಸ್ಟನ್ ಹತ್ತಿರ ಕೊಟ್ಟಿದ್ದೇವೆ. ಅಳಿಯ ಅಲ್ಲಿಯ ಸಿಟಿಜನ್. ಮಗಳಿಗೂ ಎರಡು ವರ್ಷದ ಕಾರ್ಡ್ ಬಂದಿದೆ. ಆದರೆ ಕಾರ್ಡು, ಪಾಸ್‌ಪೋರ್ಟು ಎರಡನ್ನೂ ಅತ್ತೆ 'ಭದ್ರವಾಗಿರಲಿ' ಅಂತ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಮಾತಿಗೆ ಮಾತು ಬೆಳೆದರೆ ಅಳಿಯ 'ನಿನ್ನ ಕಾರ್ಡ್ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸುತ್ತೇನೆ' ಅನ್ನುತ್ತಾರೆ. ಒಂದೆರಡು ಸಲ ಕೈಯೂ ಮಾಡಿದ್ದಾರೆ ಅಂತ ಮೊನ್ನೆ ಹೇಳಿದಳು. ಹೆಸರು ಹಾಕಬೇಡಿ.

ಉತ್ತರ: ಅಮ್ಮ, ನಿಮ್ಮ ಅಳಿಯನಿಗೆ ಆ ಕಾರ್ಡನ್ನು ಕ್ಯಾನ್ಸಲ್ ಮಾಡಿಸುವ ಅಧಿಕಾರ ಇಲ್ಲ. ಇದನ್ನು ಮಗಳಿಗೆ ಇವತ್ತೇ ಹೇಳಿ. ಅರ್ಜಿ ಹಾಕಿದವರು ಅವರಿರಬಹುದು, ಕಾರ್ಡ್ ಕೊಟ್ಟದ್ದು ಸರ್ಕಾರ. ಕಿತ್ತುಕೊಳ್ಳಬೇಕಾದರೂ ಸರ್ಕಾರವೇ ಕಾನೂನಿನ ಪ್ರಕಾರ ಮಾಡಬೇಕು. ಅಳಿಯ ಹೆಚ್ಚೆಂದರೆ ಐ-751ಕ್ಕೆ ಸಹಿ ಹಾಕುವುದಿಲ್ಲ ಅನ್ನಬಹುದು. ಅವರ ಸಹಿ ಇಲ್ಲದೆಯೂ ಆ ಅರ್ಜಿ ಹಾಕುವ ದಾರಿ ಕಾನೂನಿನಲ್ಲೇ ಇದೆ. ಮದುವೆ ಪ್ರಾಮಾಣಿಕವಾಗಿಯೇ ಆದದ್ದು, ಆಮೇಲೆ ಮುರಿದು ಡೈವೋರ್ಸ್ ಆಗಿದೆ ಅಂತ ತೋರಿಸುವುದು ಒಂದು. ಗಂಡ ಹೊಡೆದಿದ್ದಾನೆ ಅಥವಾ ಕ್ರೂರವಾಗಿ ನಡೆಸಿಕೊಂಡಿದ್ದಾನೆ ಅಂತ ತೋರಿಸುವುದು ಇನ್ನೊಂದು, ಇದಕ್ಕೆ ಡೈವೋರ್ಸ್ ಆಗಿರಲೇಬೇಕು ಅಂತಿಲ್ಲ. ಕೈಮಾಡಿದರೆ ಮಾತ್ರ ಕ್ರೌರ್ಯ ಅಂತಲೂ ಅಲ್ಲ. ಹೆದರಿಸುವುದು, ಕೂಡಿಹಾಕುವುದು, ಕಾಗದ ಕಿತ್ತಿಟ್ಟುಕೊಳ್ಳುವುದು, ದುಡ್ಡು ಕೊಡದೆ ಸತಾಯಿಸುವುದು, ಇವನ್ನೂ ನೋಡುತ್ತಾರೆ. ಒಬ್ಬರೇ ಹಾಕುವ ಅರ್ಜಿಗೆ 90 ದಿನದ ಲೆಕ್ಕವೂ ಇಲ್ಲ, ಯಾವಾಗ ಬೇಕಾದರೂ ಹಾಕಬಹುದು. ಹಿಂಸೆಯ ಕಾರಣಕ್ಕೆ ಹಾಕಿದ ಅರ್ಜಿಯ ವಿಷಯವನ್ನು ಇಲಾಖೆಯವರು ಗಂಡನಿಗೆ ತಿಳಿಸುವಂತಿಲ್ಲ, ಅದಕ್ಕೂ ಕಾನೂನು ಇದೆ.

ಈಗ ಮಾಡಬೇಕಾದದ್ದು. ಬೀರು ತೆರೆದಿರುವಾಗ ಒಂದೇ ಒಂದು ಸಲ ಕಾರ್ಡಿನ ಎರಡೂ ಕಡೆ, ಪಾಸ್‌ಪೋರ್ಟಿನ ಫೋಟೋ ಪುಟ, ವೀಸಾ ಪುಟ ಫೋನಿನಲ್ಲಿ ತೆಗೆದು ನಿಮಗೆ ಕಳಿಸಲಿ, ಕಳಿಸಿ ಫೋನಿನಿಂದ ಅಳಿಸಲಿ. ಕಾರ್ಡಿನಲ್ಲಿ 'ಎ' ಅಕ್ಷರದ ಮುಂದೆ ಒಂದು ಸಂಖ್ಯೆ ಇರುತ್ತದೆ, ಅದಿದ್ದರೆ ಕಾರ್ಡ್ ಕಳೆದರೂ ಮತ್ತೊಂದು ಪಡೆಯಬಹುದು. ಪಾಸ್‌ಪೋರ್ಟ್ ಹೋದರೆ ಹ್ಯೂಸ್ಟನ್ನಿನಲ್ಲೇ ಭಾರತದ ದೂತಾವಾಸ ಇದೆ. ಮಗಳು ತನ್ನದೇ ಆದ ಇಮೇಲ್ ಮಾಡಿಕೊಳ್ಳಲಿ, ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತಿರಲಿ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಯುಎಸ್‌ಸಿಐಎಸ್ ಖಾತೆ ಇರುವುದು ಗಂಡನ ಇಮೇಲಿನಲ್ಲಿ. ಇಲಾಖೆಯ ಪತ್ರ ಬಂದರೂ ಅವಳಿಗೆ ಗೊತ್ತಾಗುವುದಿಲ್ಲ.

ನೀವು ಮೈಸೂರಿನಲ್ಲಿ ಕೂತು ಮಾಡಬಹುದಾದ ಕೆಲಸವೂ ಇದೆ. ಲಗ್ನಪತ್ರಿಕೆ, ಮದುವೆ ನೋಂದಣಿ ಪತ್ರ, ಕಲ್ಯಾಣಮಂಟಪದ ರಸೀದಿ, ಅಡುಗೆಯವರ ಬಿಲ್ಲು, ಅಳಿಯ ನಿಮಗೆ ನಿಶ್ಚಿತಾರ್ಥದ ಸಮಯದಲ್ಲಿ ಕಳಿಸಿದ ಮೆಸೇಜುಗಳು, ಎರಡೂ ಮನೆಯವರು ಒಟ್ಟಿಗಿರುವ ಫೋಟೋಗಳು. ಇವನ್ನೆಲ್ಲಾ ಸ್ಕ್ಯಾನ್ ಮಾಡಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕಾರ್ಡಿಗಾಗಿ ಮಾಡಿದ ನಾಟಕದ ಮದುವೆ ಅಂತ ಯಾರಾದರೂ ಮಾತೆತ್ತಿದರೆ ಈ ರಸೀದಿಗಳು ಬಾಯಿ ಮುಚ್ಚಿಸುತ್ತವೆ.

ಹ್ಯೂಸ್ಟನ್ನಿನಲ್ಲಿ 'ದಯಾ' ಅನ್ನುವ ಸಂಸ್ಥೆ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಇದೆ. ನಮ್ಮ ನ್ಯೂಜೆರ್ಸಿಯಲ್ಲಿ 1985ರಿಂದ 'ಮಾನವಿ', ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ 'ಮೈತ್ರಿ' ಇಂಥದ್ದೇ ಕೆಲಸ ಮಾಡುತ್ತಿವೆ. ರಾಷ್ಟ್ರೀಯ ಸಹಾಯವಾಣಿ 1-800-799-7233, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಭಾಷಿಯನ್ನೂ ಕೇಳಬಹುದು. ಕೈಮಾಡಿದ ಕ್ಷಣದಲ್ಲಿ 911, ಅಂದರೆ ಪೊಲೀಸರಿಗೆ. 'ಸ್ವಲ್ಪ ಹೊಂದಿಕೊಂಡು ಹೋಗು' ಅನ್ನುವ ಮಾತು ಫೋನಿನಲ್ಲಿ ನಿಮ್ಮ ಬಾಯಿಂದ ಬರದಿರಲಿ ಅಮ್ಮ, ಅವಳು ಹೇಳಿಕೊಳ್ಳುವುದು ನಿಮ್ಮೊಬ್ಬರ ಹತ್ತಿರ.

ಇನ್ನೊಂದು, ಇದು ಅಳಿಯಂದಿರಿಗೂ ಗೊತ್ತಿರುವುದಿಲ್ಲ. ಕರೆಸಿಕೊಳ್ಳುವಾಗ ಅವರು ಐ-864 ಅಂತ ಒಂದು ಹೊಣೆಪತ್ರಕ್ಕೆ ಸಹಿ ಮಾಡಿರುತ್ತಾರೆ. ಹೆಂಡತಿಯ ಜೀವನಾಧಾರದ ಹೊಣೆ ನನ್ನದು ಅಂತ. ಡೈವೋರ್ಸ್ ಆದರೂ ಆ ಹೊಣೆ ತಪ್ಪುವುದಿಲ್ಲ. ಅವಳು ಸಿಟಿಜನ್ ಆಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಅದು ನಿಲ್ಲುತ್ತದೆ. ಮಗಳ ವಕೀಲರಿಗೆ ಇದನ್ನು ನೆನಪಿಸಿ.

ಪ್ರಶ್ನೆ: ನಾನು ಹಾಸನದವನು, ಫ್ರೀಮಾಂಟಿನಲ್ಲಿದ್ದೇನೆ. ಹೆಂಡತಿ ಸಿಟಿಜನ್, ಅವಳ ಮೂಲಕ ಕಾರ್ಡ್ ಬಂತು. ಎಲ್ಲರೂ ಹೆಣ್ಣುಮಕ್ಕಳ ಬಗ್ಗೆಯೇ ಬರೆಯುತ್ತೀರಿ. ತಂದೆಗೆ ಆಪರೇಷನ್ ಇದೆ, ಎಂಟು ತಿಂಗಳು ಊರಲ್ಲಿದ್ದು ನೋಡಿಕೊಳ್ಳಬೇಕು. ಪಕ್ಕದ ಎರಡು ಎಕರೆ ತೋಟ ಮಾರಾಟಕ್ಕಿದೆ, ಅದನ್ನೂ ಕೊಂಡುಬಿಡೋಣ ಅಂತಿದ್ದೇನೆ.

ಉತ್ತರ: ನಿಮ್ಮ ದೂರು ನ್ಯಾಯವಾದದ್ದೇ ಸರ್. ಎಂಟು ತಿಂಗಳು ಹೋಗಬಹುದು, ಕಾರ್ಡೇನೂ ಹೋಗುವುದಿಲ್ಲ. ಆದರೆ ಆರು ತಿಂಗಳು ದಾಟಿದ ತಕ್ಷಣ ಸಿಟಿಜನ್‌ಶಿಪ್ಪಿಗೆ ಬೇಕಾದ ನಿರಂತರ ವಾಸ ಮುರಿದಂತೆ ಅಂದುಕೊಳ್ಳುತ್ತಾರೆ, ಮುರಿದಿಲ್ಲ ಅಂತ ಸಾಬೀತು ಮಾಡುವುದು ನಿಮ್ಮ ತಲೆಗೆ ಬರುತ್ತದೆ. ನನ್ನ ಸಲಹೆ: ಮಧ್ಯದಲ್ಲಿ ಒಮ್ಮೆ ಬಂದು ಹೋಗಿ. ಟಿಕೆಟ್ ದುಡ್ಡು ಹೋದರೆ ಹೋಗಲಿ. ಹೋದಷ್ಟು ದಿನವೂ ಇಲ್ಲಿನ ಮನೆ, ಬ್ಯಾಂಕು, ತೆರಿಗೆ ನಡೆಯುತ್ತಿರಲಿ. ತಂದೆಯವರ ಆಸ್ಪತ್ರೆ ಕಾಗದಗಳ ಪ್ರತಿ ಬ್ಯಾಗಿನಲ್ಲಿರಲಿ. ಒಂದು ವರ್ಷ ದಾಟುವ ಸಾಧ್ಯತೆ ಕಂಡರೆ ಹೊರಡುವ ಮುಂಚೆಯೇ ಐ-131 ಹಾಕಿ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಕೊಡಬೇಕು. ಊರಿಗೆ ಹೋಗಿ ಕೂತು ಹಾಕಲು ಬರುವುದಿಲ್ಲ. ನಿಮ್ಮದೂ ಎರಡು ವರ್ಷದ ಕಾರ್ಡಾಗಿದ್ದರೆ ಐ-751ರ ಆ 90 ದಿನ ಊರಲ್ಲಿರುವಾಗಲೇ ಬರುತ್ತದಾ ನೋಡಿಕೊಳ್ಳಿ.

ತೋಟದ ಮಾತು ಬಿಡಿ. 2020ರಲ್ಲಿ ಕರ್ನಾಟಕದ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಆಯಿತು. ಅದನ್ನು ಕೇಳಿದವರು ನಮಗೂ ಆಗುತ್ತೆ ಅಂದುಕೊಂಡಿದ್ದಾರೆ. ಆಗುವುದಿಲ್ಲ. ಎನ್‌ಆರ್‌ಐಗಳನ್ನು ತಡೆಯುವುದು ರಾಜ್ಯದ ಕಾಯ್ದೆ ಅಲ್ಲ, ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ ಫೆಮಾ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನಪತ್ರದಲ್ಲಿ ಪಡೆಯುವಂತೆಯೂ ಇಲ್ಲ. ತಂದೆಯಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಸೈಟು, ಫ್ಲ್ಯಾಟು ಧಾರಾಳವಾಗಿ ಕೊಳ್ಳಬಹುದು. ತಮ್ಮನ ಹೆಸರಲ್ಲಿ ಕೊಂಡು ದುಡ್ಡು ನಾವು ಹಾಕೋಣ ಅಂತ ಊರಲ್ಲಿ ಯಾರಾದರೂ ಹೇಳುತ್ತಾರೆ. ಬೇನಾಮಿ ಕಾಯ್ದೆಯ ಬಾಯಿಗೆ ಬೀಳುವ ಆ ಕೆಲಸ ಬೇಡ.

ಪ್ರಶ್ನೆ: ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ಪಿಪಿಎಫ್, ಎಫ್‌ಡಿ, ಮ್ಯೂಚುವಲ್ ಫಂಡ್ ಎಸ್‌ಐಪಿ, ಲಾಕರಿನಲ್ಲಿ ಚಿನ್ನ ಇದೆ. ಇದನ್ನೆಲ್ಲಾ ಇಲ್ಲಿ ಹೇಳಬೇಕಾ? — ಡಲ್ಲಾಸ್

ಉತ್ತರ: ಚಿನ್ನ ಬಿಟ್ಟು ಉಳಿದದ್ದೆಲ್ಲಾ ಹೇಳಬೇಕು. ಲಾಕರಿನ ಒಡವೆಗೆ ಯಾವ ಫಾರಮ್ಮೂ ಇಲ್ಲ, ಮಾರಿ ಲಾಭ ಬಂದಾಗ ಮಾತ್ರ ತೆರಿಗೆ.

ಗ್ರೀನ್ ಕಾರ್ಡ್ ಬಂದ ಮೇಲೆ ಪ್ರಪಂಚದ ಯಾವ ಮೂಲೆಯಲ್ಲಿ ಆದಾಯ ಬಂದರೂ ಅಮೆರಿಕಕ್ಕೆ ತೋರಿಸಬೇಕು. ಭಾರತದ ಎಲ್ಲಾ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಅನ್ನುವ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು. ಅದು ಬರೀ ಮಾಹಿತಿ, ತೆರಿಗೆ ಅಲ್ಲ, ಆನ್‌ಲೈನಲ್ಲಿ ಪುಕ್ಕಟೆ. ಆದರೆ ಬಿಟ್ಟರೆ ದಂಡ ವಿಪರೀತ. ಇಲ್ಲಿ ಸಿಕ್ಕಿಬೀಳುವುದು ಅಪ್ಪನ ಎಫ್‌ಡಿ. ದುಡ್ಡು ಅಪ್ಪಂದೇ, 'ಎರಡನೇ ಹೆಸರು ಮಗಳದ್ದಿರಲಿ' ಅಂತ ಹಾಕಿಸಿರುತ್ತಾರೆ. ಅದೂ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಊರಿಗೆ ಫೋನ್ ಮಾಡಿ ಯಾವ್ಯಾವುದರಲ್ಲಿ ನಿಮ್ಮ ಹೆಸರಿದೆ ಅಂತ ಒಂದು ಪಟ್ಟಿ ತರಿಸಿಕೊಳ್ಳಿ. (ಎಡಿಸನ್ನಿನ ತಂಗಿಗೆ ಹೆಸರು ಹಾಕಿಸಿ ಅಂದೆ, ನಿಮಗೆ ಬೇಡದ ಕಡೆ ಇರುವ ಹೆಸರು ತೆಗೆಸಿ ಅನ್ನಬೇಕಾಗಿದೆ.)

ಮ್ಯೂಚುವಲ್ ಫಂಡ್ ದೊಡ್ಡ ತಲೆನೋವು. ಭಾರತದ ಫಂಡುಗಳನ್ನು ಇಲ್ಲಿಯವರು 'ಪಿಫಿಕ್' ಅನ್ನುವ ಗುಂಪಿಗೆ ಸೇರಿಸುತ್ತಾರೆ, ತೆರಿಗೆಯೂ ಜಾಸ್ತಿ, 8621 ಅನ್ನುವ ಫಾರಂ ತುಂಬುವುದಕ್ಕೆ ಸಿಪಿಎ (ಇಲ್ಲಿನ ಲೆಕ್ಕಪತ್ರದವರು) ಕೇಳುವ ದುಡ್ಡೂ ಜಾಸ್ತಿ. ಎಸ್‌ಐಪಿ ಇವತ್ತೇ ನಿಲ್ಲಿಸಿ, ಇರುವುದನ್ನು ಮಾರಬೇಕಾ ಅಂತ ಎರಡೂ ದೇಶದ ತೆರಿಗೆ ಗೊತ್ತಿರುವ ಸಿಪಿಎ ಹತ್ತಿರ ಕೂತು ತೀರ್ಮಾನಿಸಿ. ಪಿಪಿಎಫ್ 15 ವರ್ಷ ತುಂಬುವವರೆಗೆ ಇಟ್ಟುಕೊಳ್ಳಬಹುದು, ಮುಂದುವರಿಸಲು ಆಗದು. ಅದರ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲದಿದ್ದರೂ ಇಲ್ಲಿ ಇದೆ. ಬೆಂಗಳೂರಿನ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ ಮಾಡಿಸಿ. 'ಯಾರು ನೋಡ್ತಾರೆ' ಅಂತ ಬಿಡಬೇಡಿ. ಭಾರತದ ಬ್ಯಾಂಕುಗಳು ಅಮೆರಿಕದವರ ಖಾತೆಗಳ ವಿವರವನ್ನು ಫ್ಯಾಟ್ಕಾ ಒಪ್ಪಂದದ ಪ್ರಕಾರ ಕಳಿಸುತ್ತವೆ.

ಚುಟುಕಾಗಿ

ಲೈಸೆನ್ಸ್ ಮಾಡಿಸಲು ಹೋದಾಗ 'ವೋಟರ್ ಪಟ್ಟಿಗೆ ಸೇರಿಸಲಾ?' ಅಂದರು, ಹೂಂ ಅಂದುಬಿಡಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಗ್ರೀನ್ ಕಾರ್ಡಿನವರು ಸಿಟಿಜನ್ ಅಂತ ಹೇಳಿಕೊಂಡರೆ, ಮತ ಹಾಕಿದರೆ ಕಾರ್ಡೇ ಹೋಗಬಹುದು, ಗೊತ್ತಿಲ್ಲದೆ ಮಾಡಿದೆ ಅನ್ನುವ ಮಾತು ನಡೆಯುವುದು ಕಷ್ಟ. ಯಂತ್ರದ ಪರದೆಯಲ್ಲಿ ಕೇಳಿದರೂ ಇಲ್ಲ ಅಂತಲೇ ಒತ್ತಿ. ಜ್ಯೂರಿ ಕೆಲಸಕ್ಕೆ ಕರೆ ಬಂದರೆ ಸಿಟಿಜನ್ ಅಲ್ಲ ಅಂತ ಗುರುತು ಮಾಡಿ ವಾಪಸ್ ಕಳಿಸಿ.

ಅಪ್ಪ ಅಮ್ಮನಿಗೆ ಈಗಲೇ ಗ್ರೀನ್ ಕಾರ್ಡ್ ಹಾಕಬಹುದಾ ಅಂತ ಕೇಳಿದ ಶಿವಮೊಗ್ಗದ ಓದುಗರಿಗೆ: ಆಗುವುದಿಲ್ಲ, ಸಿಟಿಜನ್ ಆದ ಮೇಲೆಯೇ. ತಮ್ಮನಿಗೂ ಅಷ್ಟೇ, ಹಾಕಿದ ಮೇಲೂ ಭಾರತದವರಿಗೆ ಹದಿನೈದು ವರ್ಷಕ್ಕೂ ಜಾಸ್ತಿ ಸರದಿ ಇದೆ. ಮೊಮ್ಮಗುವಿನ ಬಾಣಂತನಕ್ಕೆ ಬರುವುದಾದರೆ ವಿಸಿಟರ್ ವೀಸಾ ಸಾಕು. ಊರಲ್ಲಿ ಮಾಡಿದ ಬಿ.ಎಡ್. ಇಟ್ಟುಕೊಂಡು ಇಲ್ಲಿ ಪಾಠ ಮಾಡಬಹುದಾ ಅಂತಲೂ ಕೇಳಿದ್ದೀರಿ. ಕೆಲಸ ಮಾಡಲು ಬೇರೆ ಪರ್ಮಿಟ್ ಬೇಡ, ಕಾರ್ಡ್ ತೋರಿಸಿದರೆ ಆಯಿತು. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಲು ಮಾತ್ರ ನಿಮ್ಮ ರಾಜ್ಯದ ಟೀಚಿಂಗ್ ಲೈಸೆನ್ಸ್ ಬೇಕು. ಅದಕ್ಕೆ ಮೊದಲು ಮಾರ್ಕ್ಸ್‌ಕಾರ್ಡುಗಳ ಇವ್ಯಾಲ್ಯುಯೇಷನ್ ಮಾಡಿಸಬೇಕು. ಯೂನಿವರ್ಸಿಟಿಯಿಂದ ಮುಚ್ಚಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ತರಿಸಲು ಊರಲ್ಲಿ ಯಾರಾದರೂ ಓಡಾಡಬೇಕಾಗುತ್ತದೆ, ಈಗಲೇ ತಮ್ಮನಿಗೆ ಹೇಳಿಡಿ.

ಕಾರ್ಡ್ ಬಂತಲ್ಲ, ಭಾರತದ ಪಾಸ್‌ಪೋರ್ಟ್ ವಾಪಸ್ ಕೊಡಬೇಕಾ, ಓಸಿಐ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಮಾಡಿಸಬೇಕಾ ಅಂತ ಮೂರು ನಾಲ್ಕು ಜನ ಕೇಳಿದ್ದಾರೆ. ಎರಡೂ ಬೇಡ. ನೀವಿನ್ನೂ ಭಾರತದ ಪ್ರಜೆಯೇ, ಪಾಸ್‌ಪೋರ್ಟ್ ಮುಗಿಯುತ್ತಾ ಬಂದರೆ ಇಲ್ಲಿಂದಲೇ ಹೊಸದು ಮಾಡಿಸಿ. ಫಾರಂ 6ಎ ತುಂಬಿ ಊರಿನ ಮತದಾರರ ಪಟ್ಟಿಯಲ್ಲೂ ಇರಬಹುದು, ಮತ ಹಾಕಲು ಮಾತ್ರ ಊರಿಗೇ ಹೋಗಬೇಕು. ಓಸಿಐ, ಪಾಸ್‌ಪೋರ್ಟ್ ಸರೆಂಡರ್ ಎಲ್ಲಾ ಅಮೆರಿಕದ ಸಿಟಿಜನ್ ಆದ ಮೇಲಿನ ಮಾತು. ಅದರ ಪ್ರಶ್ನೆಗಳಿದ್ದರೆ ಕಳಿಸಿ, ಮುಂದಿನ ತಿಂಗಳು ನೋಡೋಣ.